ಉಪ್ಪಿಲ್ಲದ ಪಲ್ಯೆಯ ಪರೀಕ್ಷೆ

ನಮ್ಮ ಮಾವನಷ್ಟು ನಿಧಾನವಾಗಿ ಓದುವವರು ರೋಣ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ. ಒಂಬತ್ತು ವರ್ಷಗಳಿಂದ ಅವರು ಒಂದೇ ಪುಟ ಓದುತ್ತಿದ್ದಾರೆ! ಅಕ್ಷರ ಬಾರದವರೇನಲ್ಲ, ಪೇಪರನ್ನು ಜಾಹೀರಾತು ಸಮೇತ ಕಾಲು ತಾಸಿನಲ್ಲಿ ಮುಗಿಸುತ್ತಾರೆ.

ಆ ಪುಟವಿರುವುದು ಜಕ್ಕಲಿ ಊರಿನ ನಮ್ಮ ಮನೆಯ ಹಳೆಯ ಪೋಥಿಯಲ್ಲಿ. ರಟ್ಟು ಹರಿದುಹೋಗಿ ಆ ಪುಸ್ತಕದ ಹೆಸರು ಯಾರಿಗೂ ಗೊತ್ತಿಲ್ಲ. ರಾಜನೊಬ್ಬನ ಊರಿಗೆ ಕಳ್ಳ ನುಗ್ಗಿದ ಪ್ರಸಂಗ. ನಮಗೆ ಅದು ಕಥೆ. ಮಾವನಿಗೆ ಹಾಗಲ್ಲ.

“ಊರಂದ್ರ ಈ ದೇಹ ತಂಗಿ. ಕಳ್ಳ ಅಂದ್ರ ಸಿಟ್ಟು. ಒಂದು ದಿನ ಅವನ್ನ ಒಳಗ ಬಿಡದಂಗ ಕಾದ್ರ ಈ ಪುಟ ಮುಗೀತು. ಆಮ್ಯಾಲ ಬರೇ ಶಾಂತಿ.”

ಸಿಟ್ಟು ಬಂದರೆ ಮರುದಿನ ಮತ್ತೆ ಅದೇ ಪುಟ. ಗುರುತಿಗೆ ಒಂದು ಹಳೆಯ ಬಸ್ ಟಿಕೆಟ್.

ಪರೀಕ್ಷಕಿ ನಮ್ಮ ಅತ್ತೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಆಗಾಗ ಬೇಕೆಂದೇ ಪಲ್ಯೆಗೆ ಉಪ್ಪು ಹಾಕುತ್ತಿರಲಿಲ್ಲ. ಮೊದಲ ತುತ್ತಿಗೆ ಮಾವ ಕಣ್ಣು ಮುಚ್ಚಿ, “ನಾಲಿಗಿ ನಾನಲ್ಲ” ಎನ್ನುವರು. ಎರಡನೆಯದಕ್ಕೆ ಉಸಿರು ಬಿಗಿಹಿಡಿಯುವರು. ಮೂರನೆಯದಕ್ಕೆ ತಾಟು ಸರಿಸಿ, “ನಿಮ್ಮಪ್ಪನ ಮನ್ಯಾಗ ಉಪ್ಪ ಇರಲಿಲ್ಲೇನ?”

“ಕಳ್ಳ ಬಂದ ನೋಡ್ರಿ” ಎಂದು ಅತ್ತೆ ಸೆರಗಿನ ಮರೆಯಿಂದ ಉಪ್ಪಿನ ಡಬ್ಬಿ ತೆಗೆಯುತ್ತಿದ್ದಳು.

ಒಮ್ಮೆ ಮಾವ ಗೆದ್ದೇಬಿಡುತ್ತಿದ್ದರು. ರೋಣದಲ್ಲಿ ಗಜೇಂದ್ರಗಡದ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ನಾವು ಹತ್ತುವಷ್ಟರಲ್ಲಿ ಸೂಡಿಯವನೊಬ್ಬ ಅದರ ಮೇಲೆಯೇ ಕುಳಿತಿದ್ದ. ಮಾವ ನಕ್ಕರು. “ಕೂಡ್ರಿ. ಸೀಟು ಬೇಕಾಗೂದು ದೇಹಕ್ಕ, ಆತ್ಮಕ್ಕಲ್ಲ.”

“ಇವತ್ತ ಪಾಸ್ ಆಗಿಬಿಡ್ತಾರ ಅನ್ನಸ್ತೈತಿ” ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು. ಯಾಕೋ ಅವಳ ಮುಖ ಸಪ್ಪಗಾಗಿತ್ತು. ಸೂಡಿ ಬಂತು. ಆ ಮನುಷ್ಯ ಎದ್ದು, ಅದೇ ಟವೆಲ್ಲಿನಿಂದ ಕಂಕುಳ ಒರೆಸಿಕೊಂಡ. ಮಾವನ ಕೂಗಾಟಕ್ಕೆ ಡ್ರೈವರ್ ಬಸ್ಸನ್ನೇ ಬಂದ್ ಮಾಡಿದ. ಗಜೇಂದ್ರಗಡದಲ್ಲಿ ಅತ್ತೆ ಖುಷಿಯಿಂದ ನಮಗೆಲ್ಲ ಮಿರ್ಚಿ ಭಜಿ ಕೊಡಿಸಿದಳು.

ಈ ವರ್ಷ ಅತ್ತೆ ತೀರಿಕೊಂಡಳು. ಆಮೇಲೆ ಮಾವನಿಗೆ ಸಿಟ್ಟೇ ಬರಲಿಲ್ಲ. ಹಾಲು ಉಕ್ಕಿದರೂ ಸುಮ್ಮನೆ, ಪೇಪರ್ ಬಾರದಿದ್ದರೂ ಸುಮ್ಮನೆ. ಮಾತಾಡಿಸಲು ಬಂದವರು, “ಖರೇ ಶಾಂತಿ ಸಿಕ್ತು ನೋಡ್ರಿ” ಎಂದು ಕೈಮುಗಿದು ಹೋದರು. ಟಿಕೆಟ್ ಮಾತ್ರ ಅದೇ ಪುಟದಲ್ಲಿತ್ತು.

“ಪುಟ ಯಾಕ ತಿರುವಲಿಲ್ರಿ ಮಾವ?”

“ಇದು ಶಾಂತಿ ಅಲ್ಲ ತಂಗಿ. ಊರ ಖಾಲಿ ಆಗೇತಿ. ಕಳ್ಳ ಏನ್ ಕದಿಯಾಕ ಬರ್ತಾನ?”

ಮರುದಿನ ನಾನು ಬದನೆಕಾಯಿ ಪಲ್ಯೆ ಮಾಡಿ ಬಡಿಸಿದೆ. ಮೊದಲ ತುತ್ತು ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದೂ ಇಳಿಯಿತು. ನಾನು ಇನ್ನಷ್ಟು ಪಲ್ಯೆ ಬಡಿಸಿದೆ.

ತಾಟು ಸರಿಯಿತು.

“ನಿಮ್ಮತ್ತಿ ನಿನಗ ಉಪ್ಪ ಹಾಕೂದು ಕಲಿಸಲಿಲ್ಲೇನ?”

“ಹಾಕದ ಇರೂದು ಕಲಿಸ್ಯಾಳ್ರಿ” ಎಂದು ಸೆರಗಿನ ಮರೆಯಿಂದ ಡಬ್ಬಿ ತೆಗೆದಿಟ್ಟೆ.

ಮಾವ ಆ ಡಬ್ಬಿಯನ್ನೇ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ತಾಟು ಹತ್ತಿರ ಎಳೆದುಕೊಂಡರು.

“ನಾಳಿಗೆ ಮತ್ತ ಅದ ಪುಟ” ಎಂದರು.