ಐವತ್ತು ಇಂಚಿನ ಪರದೆಗೊಂದು ಬೊಟ್ಟು

ಊರವರ ಮನೆಗೆ ಬಾಗಿಲು ಎಲ್ಲಿಡಬೇಕು, ಕಿಟಕಿ ಎಲ್ಲಿಡಬೇಕು, ಅತ್ತೆಯ ಕೋಣೆಗೂ ಸೊಸೆಯ ಕೋಣೆಗೂ ನಡುವೆ ಎಷ್ಟು ದೂರ ಇರಬೇಕು ಎಂದು ತೀರ್ಮಾನಿಸುವವನು ನಾನು. ನಂಜನಗೂಡಿನಲ್ಲಿ ಮನೆ ಪ್ಲಾನು ಬರೆಯುವ ಸಿವಿಲ್ ಇಂಜಿನಿಯರ್ ರಘು ಎಂದರೆ ನಾನೇ. ಅಂಥವನಿಗೆ ತನ್ನದೇ ಮನೆಯ ಹಾಲ್ ಗೋಡೆಗೊಂದು ಟಿವಿ ಪರದೆ ಆರಿಸುವುದು ಯಾವ ಮಹಾ ಕೆಲಸ! ಹಗಲು ಕಂಪ್ಯೂಟರಿಗೆ, ಸಂಜೆ ಸಿನಿಮಾಕ್ಕೆ, ಎರಡಕ್ಕೂ ಒಂದೇ ಪರದೆ ತರುತ್ತೇನೆ ಎಂದು ಊಟದ ಹೊತ್ತಿನಲ್ಲಿ ಘೋಷಿಸಿಬಿಟ್ಟೆ. ಗಿರಾಕಿಗಳು ಸೋಫಾದಲ್ಲಿ ಕೂತು ತಮ್ಮ ಮನೆಯನ್ನು ಗೋಡೆಯಗಲ ನೋಡಬೇಕು. ಅವರು ಹೋದ ಮೇಲೆ ಅದೇ ಸೋಫಾದಲ್ಲಿ ನನ್ನ ಹೆಂಡತಿ ಕೋಮಲ ಕೂತು ಸಿನಿಮಾ ನೋಡಬೇಕು.

ಕೋಮಲ ಟಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ತಾಳೆ ನೋಡದೆ ಯಾವ ಲೆಕ್ಕವನ್ನೂ ಒಪ್ಪುವವಳಲ್ಲ.

"ಎರಡಕ್ಕೂ ಆಗುತ್ತೆ ಅನ್ನೋದು ಒಂದಕ್ಕೂ ನೆಟ್ಟಗೆ ಆಗಲ್ಲ ಕಣ್ರೀ. ಕಂಪ್ಯೂಟರಿಗೆ ಒಂದು ಚಿಕ್ಕದು ತಗೊಳ್ಳಿ. ಟಿವಿ ಆಮೇಲೆ ನೋಡಣ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ನೀನು ಇಂಜಿನಿಯರನ್ನ ಮದುವೆಯಾಗಿರೋದು ಮತ್ಯಾತಕ್ಕೆ?" ಎಂದು ಕೈ ತೊಳೆದುಕೊಂಡೆ.

ಕೈ ಒಣಗುವ ಮೊದಲೇ ನನಗೆ ಹೆದರಿಕೆ ಶುರುವಾಯಿತು. ನನ್ನ ಆತುರಕ್ಕೆ ಕಾರಣವಿತ್ತು. ಹೆಮ್ಮಿಗೆಯ ಚೆಲುವರಾಜು ಮತ್ತು ಅವರ ತಮ್ಮ, ಎರಡು ಸಂಸಾರಕ್ಕೂ ಸೇರಿಸಿ ದೊಡ್ಡದೊಂದು ಮನೆ ಕಟ್ಟಿಸುವವರಿದ್ದರು. ಪ್ಲಾನು ನೋಡಲು ಅವರ ಮನೆಯವರೆಲ್ಲ ಭಾನುವಾರ ನಮ್ಮಲ್ಲಿಗೆ ಬರುವುದೆಂದು ಮಾತಾಗಿತ್ತು. ನರಸೀಪುರದ ಇನ್ನೊಬ್ಬ ಇಂಜಿನಿಯರ್ ಆಗಲೇ ಬಣ್ಣಬಣ್ಣದ ಪ್ಲಾನು ತೋರಿಸಿ, ಕಾಫಿ ಕುಡಿಸಿ ಕಳಿಸಿದ್ದಾನೆಂಬ ಸುದ್ದಿಯೂ ಬಂದಿತ್ತು. ನನ್ನ ಹಳೆಯ ಮಾನಿಟರಿಗೆ ನಾಲ್ಕು ಜನ ಒಟ್ಟಿಗೆ ಇಣುಕಿದರೆ ಅವರಿಗೆ ಮನೆ ಕಾಣುವುದಿಲ್ಲ, ಒಬ್ಬರ ಕಿವಿ ಇನ್ನೊಬ್ಬರಿಗೆ ಕಾಣುತ್ತದೆ. ಈ ಕೆಲಸವೊಂದು ಕೈತಪ್ಪಿದರೆ ನಾನು ಬದುಕಿರುವವರೆಗೂ ಕಾಂಪೌಂಡಿಗೂ ದನದ ಕೊಟ್ಟಿಗೆಗೂ ಪ್ಲಾನು ಬರೆಯುತ್ತ ಕೂರಬೇಕಾಗಿತ್ತು.

ಸರಿ, ಪರದೆಗಳ ಬಗ್ಗೆ ಓದತೊಡಗಿದೆ. ಓದಿದಷ್ಟೂ ಧೈರ್ಯ ಕುಗ್ಗಿತು. ಕಂಪ್ಯೂಟರಿಗಾದರೆ ಹತ್ತಿರ ಕೂರಬೇಕಂತೆ, ಸಿನಿಮಾಕ್ಕಾದರೆ ದೂರ ಕೂರಬೇಕಂತೆ. ಹತ್ತಿರ ಕೂತವನಿಗೆ ಪರದೆ ದೊಡ್ಡದಾದರೆ ಕತ್ತು ನೋವು. ದೂರ ಕೂತವನಿಗೆ ಚಿಕ್ಕದಾದರೆ ಕಣ್ಣು ನೋವು. ಮೈ ಹೊಳೆಯುವಂಥದ್ದು ತಂದರೆ ಸಿನಿಮಾ ಚೆನ್ನ, ಆದರೆ ಪ್ಲಾನಿನ ಮೇಲೆ ನಮ್ಮನೆ ಕಿಟಕಿಯೇ ಕಾಣುತ್ತದೆ. ಮೈ ಹೊಳೆಯದಂಥದ್ದು ತಂದರೆ ಪ್ಲಾನು ಚೆನ್ನ, ಆದರೆ ಕತ್ತಲೆಯ ದೃಶ್ಯದಲ್ಲಿ ಕಳ್ಳ ಯಾರು, ಪೊಲೀಸ್ ಯಾರು ಗೊತ್ತಾಗುವುದಿಲ್ಲ. ಕೊನೆಗೆ ರಟ್ಟಿನ ಡಬ್ಬಗಳನ್ನು ಬಿಚ್ಚಿ ನಲವತ್ತಮೂರು, ಐವತ್ತು, ಐವತ್ತೈದು ಇಂಚಿಗೆ ಕತ್ತರಿಸಿ ಒಂದೊಂದು ದಿನ ಒಂದೊಂದನ್ನು ಗೋಡೆಗೆ ತಗುಲಿಹಾಕಿದೆ. ಸೋಫಾದಿಂದ ನೋಡಿದೆ, ಕುರ್ಚಿಯಿಂದ ನೋಡಿದೆ, ನೆಲದ ಮೇಲೆ ಒರಗಿ ನೋಡಿದೆ. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು ರಟ್ಟಿನ ಮುಂದೆ ಕೂತು, ಸ್ವಲ್ಪ ಹೊತ್ತಾದ ಮೇಲೆ ಇದರಲ್ಲಿ ವಾರ್ತೆ ಎಷ್ಟು ಗಂಟೆಗೆ ಬರುತ್ತದೆಂದು ಕೇಳಿದರು. ಕೋಮಲ ಒಳಗೆ ಹೋಗಿ ನಕ್ಕಳು.

ಮೈಸೂರಿನ ಅಂಗಡಿಯಲ್ಲಿ ಎಲ್ಲ ಟಿವಿಗಳಲ್ಲೂ ಒಂದೇ ಮೀನು ಈಜುತ್ತಿತ್ತು. ಮೀನು ಬೇಡಪ್ಪ, ಮನೆ ತೋರಿಸು ಎಂದು ಪೆನ್ ಡ್ರೈವ್ ಕೊಟ್ಟೆ. ಅಂಗಡಿಯವನು ಅಷ್ಟು ಚೆಂದದ ಸಮುದ್ರವನ್ನು ನಿಲ್ಲಿಸಿ ಹೆಮ್ಮಿಗೆಯ ಸೆಪ್ಟಿಕ್ ಟ್ಯಾಂಕ್ ತೋರಿಸಬೇಕಾಯಿತು. ನಾನು ಮೂಗು ತಾಗುವಷ್ಟು ಹತ್ತಿರ ಹೋಗಿ ಮೆಟ್ಟಿಲ ಗೆರೆಗಳನ್ನು ಎಣಿಸಿದೆ, ಅಂಗಡಿಯ ಆ ತುದಿಗೆ ಹೋಗಿ ಮತ್ತೆ ನೋಡಿದೆ. ಅಂಗಡಿಯವನಿಗೆ ಸಾಕೋ ಸಾಕಾಗಿ ಹೋಯಿತು. ಐವತ್ತು ಇಂಚಿನದೇ ಆಯಿತು, ಮೈ ಹೊಳೆಯದಂಥದ್ದು. ಹಳೆಯ ಮಾನಿಟರನ್ನು ಎಕ್ಸ್‌ಚೇಂಜಿಗೆ ಕೊಟ್ಟೇಬಿಟ್ಟೆ. ಗೆದ್ದವನ ಹಾಗೆ ಮನೆಗೆ ಬಂದೆನಾದರೂ ದಾರಿಯುದ್ದಕ್ಕೂ ಬಿಲ್ಲನ್ನು ತೆಗೆತೆಗೆದು ನೋಡುತ್ತಿದ್ದೆ.

ಶುಕ್ರವಾರ ಪರದೆ ಗೋಡೆ ಏರಿತು. ಕೂಡಲೇ ನನ್ನ ಹುಕುಂ ಹೊರಟಿತು: ಯಾರೂ ಮುಟ್ಟಕೂಡದು, ಹತ್ತಿರ ಊದುಬತ್ತಿ ಹಚ್ಚಕೂಡದು, ಒದ್ದೆ ಬಟ್ಟೆಯನ್ನಂತೂ ತಾಕಿಸಲೇಕೂಡದು. ಎಲ್ಲರೂ ತಲೆಯಾಡಿಸಿದರು. ನಮ್ಮವ್ವ ವೆಂಕಟಮ್ಮ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಶನಿವಾರ ಸೈಟಿಗೆ ಹೋಗಿ ಬಂದು ನೋಡುತ್ತೇನೆ, ಪರದೆಯ ನಡುವಿನಿಂದ ಸ್ವಲ್ಪ ಬಲಕ್ಕೆ ಹುಣಸೆಬೀಜದಷ್ಟು ಕುಂಕುಮದ ಬೊಟ್ಟು!

"ಮನೆಗೆ ಬಂದ ಹೊಸ ಸಾಮಾನ್ಗೆ ಬೊಟ್ಟಿಡ್ದೆ ಎಂಗ್ಲಾ ಇರಾದು?" ಎಂದಳು ಅವ್ವ. "ಬರೀ ಕುಂಕುಮ ನಿಲ್ನಿಲ್ಲ. ಅದ್ಕೇ ಒಸಿ ಕೊಬ್ಬರಿ ಎಣ್ಣೇಲಿ ಕಲ್ಸಿ ಇಟ್ಟಿವ್ನಿ. ಒದ್ದೆ ಬಟ್ಟೆ ತಾಕ್ಸಿಲ್ಲ ಕಣಪ್ಪ."

ಹುಕುಮಿನಲ್ಲಿ ಕೊಬ್ಬರಿ ಎಣ್ಣೆಯ ಮಾತು ಇರಲಿಲ್ಲ, ನಿಜ. ಮೆತ್ತನೆಯ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ್ದರೆ ಅದು ಹೋಗುತ್ತಿತ್ತೋ ಏನೋ. ಆದರೆ ಗಾಬರಿ ಬಿದ್ದವನಿಗೆ ಮೆತ್ತಗೆ, ಮೆಲ್ಲಗೆ ಎನ್ನುವುದೆಲ್ಲ ನೆನಪಿರುತ್ತದೆಯೇ? ಕೋಮಲಳ ಕನ್ನಡಿಯ ಮುಂದೆ ನೇಲ್ ಪಾಲಿಶ್ ತೆಗೆಯುವ ದ್ರವದ ಬಾಟಲಿ ಕಂಡಿತು. ಉಗುರಿಗೆ ಮೆತ್ತಿದ ಬಣ್ಣವನ್ನೇ ಬಿಡಿಸುವ ವಸ್ತುವಿಗೆ ಕುಂಕುಮ ಯಾವ ಲೆಕ್ಕ ಎಂದು ಹತ್ತಿಗೆ ಸುರಿದುಕೊಂಡು ಉಜ್ಜಿದೆ. ಬೊಟ್ಟು ಕರಗಿತು. ಪರದೆಯ ಮೈಯೂ ಕರಗಿತು. ಎರಡೂ ಒಂದರಲ್ಲೊಂದು ಬೆರೆತು, ಹುಣಸೆಬೀಜದಷ್ಟಿದ್ದದ್ದು ನಿಂಬೆಹಣ್ಣಿನಷ್ಟು ಅಗಲವಾಗಿ ಅಲ್ಲೇ ಕೂತುಬಿಟ್ಟಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಇನ್ನು ಉಜ್ಜಿದರೆ ಗೋಡೆಯೇ ಬರುತ್ತದೆ ಎನ್ನಿಸಿ ನಿಲ್ಲಿಸಿದೆ. ಅಳು ಬರುವುದೊಂದು ಬಾಕಿ.

ಸ್ಕೂಲಿನಿಂದ ಬಂದ ಕೋಮಲ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಖಾಲಿ ಬಾಟಲಿಯನ್ನು ನೋಡಿದಳು. ಒಂದು ಸಿನಿಮಾ ಹಾಕಿಕೊಂಡು ಕೂತಳು. ನಾಯಕಿ ಹತ್ತಿರ ಬಂದಾಗಲೆಲ್ಲ ಕೆನ್ನೆ ಕೆಂಪಗೆ ಊದಿಕೊಳ್ಳುತ್ತಿತ್ತು. ಕೊನೆಯ ಹೊಡೆದಾಟದಲ್ಲಿ ಕೋಮಲ ಬಾಯಿಬಿಟ್ಟಳು.

"ಹೀರೋ ಇನ್ನೂ ಪಿಸ್ತೂಲೇ ತೆಗೆದಿಲ್ಲ, ವಿಲನ್ನಿಗೆ ಆಗಲೇ ರಕ್ತ ಬರ್ತಾ ಇದೆಯಲ್ರೀ."

ನಾನು ಸಿನಿಮಾದ ಚಿಂತೆಯಲ್ಲಿರಲಿಲ್ಲ. ಬೆಳಗಾದರೆ ಹೆಮ್ಮಿಗೆಯವರು ಬರುತ್ತಾರೆ. ಬೇರೆ ಪರದೆಯಿಲ್ಲ. ಗೋಡೆಯ ಮೇಲೆ ಹೊಸದಾಗಿ ತಂದ ಕೆಂಪು ಕಲೆ ಇದೆ.

ಭಾನುವಾರ ಚೆಲುವರಾಜು ಬಂದರು. ಜೊತೆಗೆ ಅವರ ತಾಯಿ ಚಿಕ್ಕಬಸಮ್ಮ, ಹೆಂಡತಿ ನಯನ, ತಮ್ಮನ ಹೆಂಡತಿ ದಿವ್ಯ. ತಮ್ಮ ಊರಿನಲ್ಲಿರಲಿಲ್ಲ. ಆ ಮನೆಯಲ್ಲಿ ಚಿಕ್ಕಬಸಮ್ಮನವರ ಮಾತು ದಾಟಿ ಒಂದು ಇಟ್ಟಿಗೆಯೂ ಕದಲುವುದಿಲ್ಲವೆಂದು ಅವರು ಕೂತ ರೀತಿಯಲ್ಲೇ ತಿಳಿಯಿತು. ಸೋಫಾದ ಸರಿಯಾಗಿ ನಡುವೆ, ಪರದೆಗೆ ನೇರವಾಗಿ ಕೂತಿದ್ದರು. ನಾನು ದೇವರನ್ನು ನೆನೆದು ಪ್ಲಾನು ತೆರೆದೆ.

ಬೊಟ್ಟು ನೇರವಾಗಿ ಹೋಗಿ ಟಾಯ್ಲೆಟ್ಟಿನಲ್ಲಿ ಕೂತಿತು.

ಇದೇನು ಸಾ ಕೆಂಪಗೆ ಎಂದರು ಚಿಕ್ಕಬಸಮ್ಮ. ಹೊಸ ಪರದೆ ಹಾಳಾಯಿತೆಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಂದು ಪರದೆಯನ್ನು ಎರಡು ದಿನ ನೆಟ್ಟಗೆ ಇಟ್ಟುಕೊಳ್ಳಲಾರದವನ ಕೈಗೆ ಮನೆ ಕೊಡುತ್ತಾರೆಯೇ? ನಾಲಿಗೆ ನನ್ನನ್ನು ಕೇಳದೆ ಹೊರಳಿತು. ನಮ್ಮಲ್ಲಿ ಯಾವ ಪ್ಲಾನನ್ನೇ ಆಗಲಿ, ಶಾಸ್ತ್ರ ಬಲ್ಲ ಹಿರಿಯರ ಕೈಯಿಂದ ಕುಂಕುಮ ಇಡಿಸಿಯೇ ತೋರಿಸುವುದು ಪದ್ಧತಿ ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕೋಮಲ ಕಣ್ಣು ಮುಚ್ಚಿಕೊಂಡಳು.

ಚಿಕ್ಕಬಸಮ್ಮನವರ ಮುಖ ಅರಳಿತು. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು. ಅರಳಿದ್ದು ಮುದುಡಿತು.

"ಅಲ್ಲಾ ಸಾ, ಕುಂಕುಮ್ವ ತಕ್ಕೋಗಿ ಕಕ್ಕಸ್ಗೆ ಇಟ್ಟಿದ್ದರಿಯಲ್ಲ?"

ಮೌಸ್ ಹಿಡಿದು ಪ್ಲಾನನ್ನು ಸ್ವಲ್ಪ ಸರಿಸಿದೆ. ಬೊಟ್ಟು ದಿವ್ಯಳ ಕೋಣೆಗೆ ಹೋಯಿತು. ದಿವ್ಯ ಸೆರಗು ಸರಿಮಾಡಿಕೊಂಡು ಮುಗುಳ್ನಕ್ಕಳು. ಇದುವರೆಗೆ ತುಟಿ ಬಿಚ್ಚದಿದ್ದ ನಯನ, ಹಿರಿಸೊಸೆ ಎನ್ನುವುದು ಗೇಯುವುದಕ್ಕೆ ಮಾತ್ರ ಅಂತ ನಂಗೊತ್ತಿತ್ತು ಎಂದು ಗೋಡೆಗೆ ಹೇಳಿದಳು. ಗಡಬಡಿಸಿ ಪ್ಲಾನನ್ನು ಮೇಲಕ್ಕೆಳೆದೆ. ಬೊಟ್ಟು ಸೆಪ್ಟಿಕ್ ಟ್ಯಾಂಕಿಗೆ ಇಳಿಯಿತು. ಇನ್ನಷ್ಟು ಎಡಕ್ಕೆಳೆದೆ. ಬೊಟ್ಟು ಕಾಂಪೌಂಡು ದಾಟಿ ಆಚೆ ಸೈಟಿಗೆ ಹೋಯಿತು. ಆಚೆ ಸೈಟು ಚೆಲುವರಾಜುವಿನ ದೊಡ್ಡಪ್ಪನ ಮಕ್ಕಳದು, ಎರಡು ಮನೆಯವರಿಗೂ ಮಾತಿಲ್ಲ.

"ನಮ್ಮನೆ ಲಕ್ಷ್ಮಿಯ ದಾಯಾದಿಗೊಳ ಸೈಟ್ಗೆ ಅಟ್ಬುಟ್ರಲ್ಲಾ ಸಾ," ಎಂದರು ಚಿಕ್ಕಬಸಮ್ಮ.

ಇಡೀ ಮನೆಯನ್ನೇ ಚಿಕ್ಕದು ಮಾಡಿ ಒಂದು ಮೂಲೆಗೆ ತಳ್ಳೋಣವೆಂದು ಮೌಸಿನ ಚಕ್ರ ತಿರುಗಿಸಿದೆ. ಮನೆ ಚಿಕ್ಕದಾಗುತ್ತ ಆಗುತ್ತ ಬೊಟ್ಟಿನ ಅಡಿಗೇ ಹೋಯಿತು. ಎರಡು ಸಂಸಾರ, ಮಹಡಿ, ಕಾರು ನಿಲ್ಲಿಸುವ ಜಾಗ, ಎಲ್ಲವನ್ನೂ ನಿಂಬೆಹಣ್ಣಿನಷ್ಟು ಬೊಟ್ಟು ನುಂಗಿತು. ಚೆಲುವರಾಜು ಫೋನು ಕೈಗೆತ್ತಿಕೊಂಡು ಗಂಟೆ ನೋಡಿದರು. ನರಸೀಪುರದ ಆ ಇಂಜಿನಿಯರ್ ಭಾನುವಾರವೂ ಆಫೀಸು ತೆರೆದಿರುತ್ತಾನೆಂದು ನನಗೆ ಗೊತ್ತಿತ್ತು. ಕೆಲಸ ಹೋಯಿತು, ದನದ ಕೊಟ್ಟಿಗೆಯೇ ಗತಿ ಎಂದುಕೊಂಡೆ.

ಆ ಹಿರಿಯರು ಯಾರು, ಅವರನ್ನೇ ಕರೆಸಿ ಕೇಳೋಣ ಎಂದು ಚಿಕ್ಕಬಸಮ್ಮ ಪಟ್ಟು ಹಿಡಿದರು. ಅವರು ಊರಲ್ಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವುದಕ್ಕೂ ಅವ್ವ ಕಾಫಿ ತಟ್ಟೆ ಹಿಡಿದು ಬರುವುದಕ್ಕೂ ಸರಿಹೋಯಿತು.

"ನಾನೇ ಕಣಕ್ಕ ಇಟ್ಟದ್ದು," ಎಂದಳು ಅವ್ವ, ಲೋಟ ಕೊಡುತ್ತ. "ಟಿವಿಗೆ ಇಟ್ಟ ಬೊಟ್ಟು ಅದು, ನಿಮ್ಮನೆಗಲ್ಲ. ನಾ ಇಟ್ಟದ್ದು ಉಣಸೆಬೀಜದಷ್ಟು. ಇವ್ನು ಎಡ್ತಿ ಉಗುರು ತೊಳಿಯಾ ನೀರಾಕಿ ಉಜ್ಜಿ ಉಜ್ಜಿ ಇಷ್ಟಗಲ ಮಾಡವ್ನೆ. ಶಾಸ್ತ್ರನೂ ಇಲ್ಲ, ಗೀಸ್ತ್ರನೂ ಇಲ್ಲ."

ನಾಚಿಕೆಯಿಂದ ಸತ್ತುಹೋಗುವುದೊಂದೇ ನನಗೆ ಉಳಿದಿದ್ದ ದಾರಿ.

"ಅಂಗಾರೆ ನೀವೇಳಿದ್ದು ಸುಳ್ಳಾ ಸಾ?" ಎಂದರು ಚೆಲುವರಾಜು.

"ಸುಳ್ಳು," ಎಂದೆ. "ಹೊಸಾ ಪರದೆ, ಮರ್ಯಾದೆ ಹೋಗುತ್ತೆ ಅಂತ ಹೆದರಿಕೊಂಡು ಹೇಳಿಬಿಟ್ಟೆ."

ಇಷ್ಟಾದ ಮೇಲೆ ಅವ್ವ ಸುಮ್ಮನಿದ್ದಿದ್ದರೆ ಅವರು ಎದ್ದು ಹೋಗುತ್ತಿದ್ದರು. ಅವಳು ಸೋಫಾದ ತುದಿಯಲ್ಲಿ, ಚಿಕ್ಕಬಸಮ್ಮನವರ ಪಕ್ಕದಲ್ಲೇ ಕೂತಳು.

"ಬೊಟ್ಟಿನ್ ವಿಚಾರ್ಕೆ ಸುಳ್ಳೇಳವ್ನೆ ಕಣಕ್ಕ. ಗ್ವಾಡೆ ವಿಚಾರ್ಕೆ ಏಳಕಿಲ್ಲ. ಈ ಮನ್ಯ ಅವ್ನೇ ನಿಂತ್ಕಂಡು ಕಟ್ಸುದ್ದು. ಎಂಥಾ ಮಳೆ ಉಯ್ದ್ರೂ ಒಂದ್ ತೊಟ್ಟು ಒಳಕ್ ಬಂದಿಲ್ಲ."

ಚಿಕ್ಕಬಸಮ್ಮ ತಲೆಯೆತ್ತಿ ನಮ್ಮ ಸೂರನ್ನು ಮೂಲೆಮೂಲೆಗೂ ನೋಡಿದರು. ಅಷ್ಟರಲ್ಲಿ ಕೋಮಲ ಒಂದು ದೊಡ್ಡ ಕಾಗದ ತಂದು ಟೀಪಾಯಿಯ ಮೇಲೆ ಹರಡಿದಳು. ಪ್ಲಾನಿನ ಪ್ರಿಂಟು! ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗ ಕಂಪ್ಯೂಟರಿನಿಂದ ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿ, ಭಾನುವಾರವೂ ತೆರೆದಿದ್ದ ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದಿದ್ದಳಂತೆ. ನನಗೆ ಹೇಳಿದ್ದರೆ ಅದರ ಮೇಲೂ ಏನಾದರೂ ಸುರಿಯುತ್ತಿದ್ದೆ ಎಂದು ಹೇಳಲಿಲ್ಲವಂತೆ.

ಕಾಗದದಲ್ಲಿ ಎಲ್ಲ ಬೆಳ್ಳಗೆ, ಸರಿಯಾಗಿತ್ತು. ನಾಲ್ಕು ತಲೆಗಳು ಬಗ್ಗಿದವು. ಸೊಸೆಯರ ಕೋಣೆಗಳನ್ನು ನಯನ ಗೇಣು ಹಾಕಿ ಅಳೆದು ಸಮ ಇವೆ ಎಂದಳು. ದೇವರ ಮನೆ ಎಲ್ಲಿ ಎಂದು ಚಿಕ್ಕಬಸಮ್ಮ ಅವ್ವನನ್ನು ಕೇಳಿದರು. ಅವ್ವ ಬೆರಳಿಟ್ಟು ತೋರಿಸಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಮೌಸ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಕೆಲಸ ನಮ್ಮದೇ. ಬುಧವಾರ ಗುದ್ದಲಿ ಪೂಜೆ. ಅಂದು ಅವ್ವ ಬಂದು ತನ್ನ ಕೈಯಾರೆ ಮೊದಲ ಕಲ್ಲಿಗೆ ಬೊಟ್ಟಿಡಬೇಕೆಂದು ಚಿಕ್ಕಬಸಮ್ಮ ಎಲೆ ಅಡಿಕೆ ಕೊಟ್ಟು ಕರೆದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಂಜಿನಿಯರ್ ಎನ್ನುವವನೊಬ್ಬ ಇದ್ದಾನೆಂದು ನೆನಪಿಸೋಣವೆಂದು, ನಾನು ಎಷ್ಟು ಹೊತ್ತಿಗೆ ಬರಲಿ ಅಮ್ಮ ಎಂದು ಕೇಳಿದೆ.

ಹೊಸ್ತಿಲು ದಾಟುತ್ತಿದ್ದ ಚಿಕ್ಕಬಸಮ್ಮ ತಿರುಗಿ ನಿಂತು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನೀವೂ ಬನ್ನಿ ಸಾ. ಅವ್ವಾರು ಬೊಟ್ಟಿಟ್ಟಾದ್ಮೇಲೆ ಒರಸಕ್ ಮಾತ್ರ ಓಗ್ಬೇಡಿ."