ನಾಲ್ಕು ಚಕ್ರದ ಶಕ್ತಿಯೂ ಭಾನುವಾರದ ರಾಹುಕಾಲವೂ

ಕೆಲವರು ಹೊಸ ವಸ್ತು ಕೊಂಡರೆ ಸುಸ್ತಾಗುವುದು ಅವರ ನೆಂಟರಿಗೆ. ನನ್ನ ಹೆಂಡತಿಯ ತಮ್ಮ ಮಾದೇವ ಗುಂಡ್ಲುಪೇಟೆಯಲ್ಲಿ ಬಾಳೆಕಾಯಿ ಮಂಡಿ ಇಟ್ಟು, ಕೇರಳಕ್ಕೆ ಲಾರಿಗಟ್ಟಲೆ ಕಳಿಸಿ, ಕೊನೆಗೆ ಮನೆಯಷ್ಟು ದೊಡ್ಡ ಕಾರು ತಂದ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುವ ಕಾರಂತೆ. ಪೂಜೆಯ ದಿನ ಪುರೋಹಿತರು ಮುಂದಿನ ಚಕ್ರಗಳಡಿ ಮಾತ್ರ ನಿಂಬೆಹಣ್ಣಿಟ್ಟರೆ, "ಹಿಂದಕ್ಕೂ ಇಡಿ ಸ್ವಾಮಿ, ಅವೂ ಕೆಲ್ಸ ಮಾಡ್ತವೆ" ಎಂದು ಅಡ್ಡ ನಿಂತ. ಅಂದಿನಿಂದ ಸಿಕ್ಕಿದವರಿಗೆಲ್ಲ ಅದೇ ಪಾಠ. ನಾನೋ ಚಾಮರಾಜನಗರದ ಕಚೇರಿಯೊಂದರ ಗುಮಾಸ್ತ, ಯಾರು ಏನು ಹೇಳಿದರೂ ಎದ್ದು ಹೋಗಲು ಧೈರ್ಯವಿಲ್ಲದವನು. ಹೀಗಾಗಿ ಆ ಪಾಠ ನನಗೆ ಬಾಯಿಪಾಠವಾಗಿತ್ತು.

ನನ್ನ ಮಗಳನ್ನು ನೋಡಿ ಹೋಗಿದ್ದ ಗುಂಡ್ಲುಪೇಟೆಯ ಹುಡುಗನ ಮನೆ ನೋಡಲು ಒಂದು ಭಾನುವಾರ ನಾವು ಹೊರಟೆವು. ಹುಡುಗ ಮಗಳಿಗೆ ತುಂಬ ಇಷ್ಟವಾಗಿದ್ದ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸಿಲು ದಾಟಿಬಿಡಿ ಎಂದು ಹುಡುಗನ ತಂದೆ ಮತ್ತೆ ಮತ್ತೆ ಫೋನ್ ಮಾಡಿದ್ದರು. ಬಸ್ಸಿಗೆ ಹೋಗೋಣವೆಂದೆ, ನನ್ನ ಮಾತು ಯಾರು ಕೇಳಬೇಕು? ಕಾರು ತಂದಿದ್ದ ಮಾದೇವ ದಾರಿಯಲ್ಲಿ ಉಡಿಗಾಲವೆಂಬ ಹಳ್ಳಿಯ ಕಡೆ ತಿರುಗಿಸಿ, ಅದರ ಶಕ್ತಿ ತೋರಿಸಲೆಂದೇ ಮಳೆಗೆ ನೆಂದ ಎರೆಹೊಲಕ್ಕೆ ಇಳಿಸಿಯೇಬಿಟ್ಟ. "ನೋಡಿ ಭಾವ, ಮಾಮೂಲಿ ರಸ್ತೇಲಿ ಮುಂದಿನ ಚಕ್ರಗಳೇ ಎಳೀತವೆ. ಅವು ಜಾರುದ್ರೆ ಕಂಪ್ಯೂಟರ್‌ಗೆ ಗೊತ್ತಾಯ್ತದೆ. ಮಧ್ಯದಲ್ಲಿರೋ ಕ್ಲಚ್ ಬಿಗಿ ಮಾಡಿ ಹಿಂದಿನವ್ಕೂ ಶಕ್ತಿ ಕಳ್ಸ್‌ಬುಡ್ತದೆ."

ಸುಳ್ಳು ಹೇಳಬಾರದು, ಕಳಿಸಿತು. ನಾಲ್ಕೂ ಚಕ್ರಗಳು ಒಂದೇ ಮನಸ್ಸಿನಿಂದ ತಿರುಗಿ, ಒಂದೇ ಮನಸ್ಸಿನಿಂದ ಹೂತುಕೊಂಡವು. "ನಾಕೂ ತಿರುಗ್ತಾವೆ, ಗಾಡಿ ಇದ್ದಲ್ಲೇ ಅದೆ ಕಣ್ಲಾ!" ಎಂದು ನನ್ನ ಹೆಂಡತಿ ತಮ್ಮನ ಮೇಲೆ ಕಿರುಚಿದಳು. ಹೊರಡುವಾಗ ಮಗಳು ಬಾಗಿಲಿಗೆ ಬಂದು, "ಲೇಟ್ ಮಾಡ್ಕೋಬೇಡಿ ಅಪ್ಪಾ" ಎಂದದ್ದು ನೆನಪಾಯಿತು. ರೇಷ್ಮೆ ಪಂಚೆ ಎತ್ತಿಕಟ್ಟಿ ತಳ್ಳಿದೆ. ಎದೆಯವರೆಗೂ ಕೆಸರಾಯಿತೇ ಹೊರತು ಕಾರು ಅಲ್ಲಾಡಲಿಲ್ಲ. ಕೊನೆಗೆ ಪಕ್ಕದ ಹೊಲದ ಟ್ರ್ಯಾಕ್ಟರು ಬಂದು ಎಳೆಯಿತು.

ಗುಂಡ್ಲುಪೇಟೆ ಮುಟ್ಟಿದಾಗ ರಾಹುಕಾಲ ಶುರುವಾಗಿತ್ತು. ಹುಡುಗನ ತಂದೆ ಒಳಗೆ ಬನ್ನಿ ಎನ್ನುವಂತಿಲ್ಲ, ಬಂದವರನ್ನು ಬೀದಿಯಲ್ಲಿ ಬಿಟ್ಟು ತಾವು ಒಳಗೆ ಹೋಗುವಂತೆಯೂ ಇಲ್ಲ. ಪಾಪ, ಆರು ಗಂಟೆಯವರೆಗೂ ಕಾರಿನ ಕಿಟಕಿ ಹಿಡಿದುಕೊಂಡು ನಿಂತರು. ಮಾದೇವ ಮಂಕಾಗಿ ಕೂತಿದ್ದ. ಹೆಂಡತಿ ನನ್ನ ಪಂಚೆಯ ಕೆಸರು ಕೆರೆಯುತ್ತಿದ್ದಳು. ತಡವಾದದ್ದೇಕೆಂದು ಹೇಳಲು ನಾನೇ ಶುರುಮಾಡಿದೆ: ಕೆಸರು, ಮುಂದಿನ ಚಕ್ರ, ಕಂಪ್ಯೂಟರು, ಕ್ಲಚ್ಚು. ಬಾಯಿಪಾಠವಾಗಿದ್ದದ್ದು ತಾನಾಗಿಯೇ ಹರಿಯಿತು.

ಆರು ಹೊಡೆದದ್ದೇ ಅವರು ಕೈ ಮುಗಿದರು. "ನೆಂಟಸ್ತನ ನಮ್ಗೆ ಒಪ್ಗೆ ಸ್ವಾಮಿ, ಒಳಿಕ್ ಬನ್ನಿ. ಒಂದೇ ಒಂದು ಕೇಳ್ಕೊತೀನಿ. ಮದ್ವೆಗೆ ನಮ್ಮನ್ನ ಕರ್ಕೊಂಡೋಗಕೆ ಈ ಕಾರ್ ಮಾತ್ರ ಕಳಿಸ್ಬ್ಯಾಡಿ. ಬಸ್ಸಲ್ಲೇ ಬತ್ತೀವಿ."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ದೊಡ್ಡ ಭಾರ ಇಳಿದಂತಾಯಿತು. ಆದರೂ ಒಳಗೊಳಗೇ ಸ್ವಲ್ಪ ಬೇಸರ. ಹಿಂದಿನ ಚಕ್ರಗಳ ವಿಷಯಕ್ಕೆ ನಾನಿನ್ನೂ ಬಂದೇ ಇರಲಿಲ್ಲ.