ಕಂಪ್ಯೂಟರಿನೊಳಗೆ ಕಳೆದುಹೋದ ಬ್ಯಾಡಗಿ ಸ್ಟೇಷನ್

ಹಾವೇರಿಯಿಂದ ರಾಣೇಬೆನ್ನೂರಿನ ತನಕ ರೈಲ್ವೆ ಹಳಿ ಹಾಸಿದವನು ನಾನು. ಒಬ್ಬನೇ. ಕೈಯಲ್ಲಿ ಒಂದು ಸಲಿಕೆ ಕೂಡ ಹಿಡಿಯದೆ.

ಸುಳ್ಳು. ಹಾಸಿದ್ದು ಮಾಸ್ತರು. ಅದೂ ನೆಲದ ಮೇಲಲ್ಲ, ಕಂಪ್ಯೂಟರಿನೊಳಗೆ. ರಾಣೇಬೆನ್ನೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ನಾನು ಸ್ಟೇಷನ್ನುಗಳ ಫೋಟೋ ತೆಗೆದುಕೊಟ್ಟವನು, ಅಷ್ಟೇ. ಆದರೆ ಆ ಕೆಲಸದಲ್ಲಿ ಏನು ಹಾಳಾದರೂ ಮೊದಲು ನನ್ನ ಹೆಸರೇ ಬರುತ್ತಿತ್ತು. ಹಾಗಿರುವಾಗ ಹಾಸಿದ ಕೀರ್ತಿಯಲ್ಲೂ ಒಂಚೂರು ನನ್ನ ಕಡೆ ಸರಿಸಿಕೊಂಡರೆ ಯಾರ ಗಂಟೇನು ಹೋಗುತ್ತದೆ?

ನನ್ನ ಸುತ್ತ ಇಂಥವು ಆಗುತ್ತಲೇ ಇರುತ್ತವೆ. ನಾನು ಏನೂ ಮಾಡಿರುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತೇನೆ. ಜನ ನಂಬುವುದಿಲ್ಲ. ಹಿಂದೊಮ್ಮೆ ಮಾಸ್ತರ ಕನ್ನಡಕಕ್ಕೆ ಕೊಬ್ಬರಿ ಎಣ್ಣೆ ಸವರಿ, ಸಿಗ್ನಲ್ ದೀಪವೆಲ್ಲ ಮಂಜಾಗಿವೆ ಎಂದು ಅವರಿಂದ ಮೇಲಧಿಕಾರಿಗೆ ಫೋನು ಮಾಡಿಸಿದ್ದೊಂದು ಬಿಟ್ಟರೆ ನನ್ನದು ಶುದ್ಧ ಬದುಕು.

ಮಾಸ್ತರು ಅಂದರೆ ಸಾಲಿ ಮಾಸ್ತರಲ್ಲ. ನಿವೃತ್ತ ಸ್ಟೇಷನ್ ಮಾಸ್ತರು, ಮನೆ ಹಾವೇರಿಯಲ್ಲಿ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವಿದೆಯಲ್ಲ, ಅದರೊಳಗೆ ನಮಗೆ ಬೇಕಾದ ಊರಿನ ಹಳಿಯನ್ನು ನಾವೇ ಹಾಸಿ, ಗಿಡ, ಮನೆ, ಸಿಗ್ನಲ್ಲು ಕೂರಿಸಬಹುದು. ಹಾಗೆ ಕೂರಿಸುವ ಸಾಫ್ಟ್‌ವೇರಿಗೆ ಎಡಿಟರ್ ಅನ್ನುತ್ತಾರೆ. ಈಗಿನ ಜೋಡಿ ಹಳಿ, ಮೇಲಿನ ಕರೆಂಟಿನ ತಂತಿ ಮಾಸ್ತರಿಗೆ ಬೇಡ. ಅವರ ನೌಕರಿ ಕಾಲದ ಒಂಟಿ ಹಳಿಯೇ ಬೇಕು.

ಕಾರಣ, ಕುಪ್ಪೇಲೂರಿನ ಡ್ರೈವರ್ ಕಾಕಾ. ಇವರೂ ನಿವೃತ್ತರು, ಮಾಸ್ತರ ಜೀವದ ಗೆಳೆಯರು. ಒಂದು ಸಲ ಕಾಕಾನ ಗಾಡಿ ಬ್ಯಾಡಗಿ ಸ್ಟೇಷನ್ನಿನ ಹೊರಗೆ ಬಹಳ ಹೊತ್ತು ನಿಂತುಬಿಟ್ಟಿತು. ಮಾಸ್ತರು ಸಿಗ್ನಲ್ ಕೊಡಲಿಲ್ಲ ಎಂದು ಕಾಕಾ ಬರೆದುಕೊಟ್ಟರು. ಕೊಟ್ಟಿದ್ದೆ, ಇವರೇ ಎಂಜಿನ್ನಿನಲ್ಲಿ ನಿದ್ದೆ ಹೊಡೆದರು ಎಂದು ಮಾಸ್ತರು ಬರೆದುಕೊಟ್ಟರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಕಾಕಾನ ಮೊಣಕಾಲು ಕೈಕೊಟ್ಟಿವೆ, ಮಾಸ್ತರಿಗೆ ಗೆಳೆಯ ಬೇಕಾಗಿದ್ದಾನೆ. ಬಾ ಅನ್ನಲು ಬಾಯಿಲ್ಲ. ಅದಕ್ಕೇ ಈ ಹಳಿ. ಓಡಿಸಲು ಬಾ ಎಂದು ನನ್ನ ಕೈಲಿ ಹೇಳಿಕಳಿಸಿದರು.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದು ಇಷ್ಟು: "ಬರ್ತೇನಿ. ಒಂದು ಕಂಬ ಆಕಡೆ ಈಕಡೆ ಆಗಿದ್ರೂ ಎದ್ದು ಹೋಗ್ತೇನಿ. ಆಮ್ಯಾಲೆ ನನ್ನ ಮಣ್ಣಿಗೂ ಬರೂದು ಬ್ಯಾಡ ಅಂತ ಹೇಳು."

ವಿಚಾರಣೆ

ಕಂಪ್ಯೂಟರಿನಲ್ಲಿ ಕಣ್ಣಿಗೆ ಕಂಡದ್ದೆಲ್ಲ ಉಳಿದಿರುತ್ತದೆ ಅನ್ನುವುದು ಮಾಸ್ತರ ನಂಬಿಕೆಯಾಗಿತ್ತು. ಒಂದು ದಿನ ಮುಂಜಾನೆಯಿಂದ ಕೂತು ಬ್ಯಾಡಗಿ ಸ್ಟೇಷನ್ ಕಟ್ಟಿದರು. ಪ್ಲಾಟ್‌ಫಾರ್ಮು, ನೀರಿನ ಟಾಕಿ, ಬೇವಿನ ಗಿಡ, ಗಿಡದ ಬುಡಕ್ಕೆ ಕಲ್ಲಿನ ಕಟ್ಟೆ. ಸೇವ್ ಮಾಡುವ ಗುಂಡಿಯೊಂದನ್ನು ಒತ್ತಲಿಲ್ಲ. ಮಧ್ಯಾಹ್ನ ಕಂಪ್ಯೂಟರ್ ಒಮ್ಮೆ ಕಣ್ಣು ಮಿಟುಕಿಸಿ ಆರಿತು. ಮತ್ತೆ ಹಚ್ಚಿ ನೋಡಿದರೆ ಬ್ಯಾಡಗಿ ಇದ್ದ ಜಾಗದಲ್ಲಿ ಹಸಿರು ಬಯಲು.

ನನಗೆ ಫೋನು ಬಂತು. ಎಲ್ಲಿದ್ದಿ ಅಂದರು. ಗುತ್ತಲದಾಗ ಮದುವಿ ಫೋಟೋ ತಗಿಯಾಕತ್ತೇನ್ರಿ ಅಂದೆ.

"ಸಾಕ್ಷಿ ಯಾರು?"

"ಮದುಮಗಳು ಅದಾಳ್ರಿ."

"ಫೋನು ಆಕಿ ಕೈಯಾಗ ಕೊಡು."

ಕೊಟ್ಟೆ. ಪಾಪ, ಬಾಸಿಂಗ ಕಟ್ಟಿಕೊಂಡೇ ಆ ಹುಡುಗಿ, ಫೋಟೋದವರು ಮುಂಜಾನೆಯಿಂದ ಇಲ್ಲೇ ಇದ್ದಾರೆ, ಯಾವ ಸ್ಟೇಷನ್ನನ್ನೂ ಕಿತ್ತಿಲ್ಲ ಎಂದು ಹೇಳಿಕೆ ಕೊಟ್ಟಳು. ಅಕ್ಷತೆ ಅದಾದ ಮೇಲೆ ಬಿತ್ತು.

ನಾನು ಪಾರಾದೆ. ರೈಲ್ವೆ ಅಪಘಾತದ ವಿಚಾರಣೆಯಲ್ಲಿ ಯಾರಾದರೂ ಒಬ್ಬರು ಸಿಗಲೇಬೇಕು, ಸಿಕ್ಕವರು ಮಾಸ್ತರ ಹೆಂಡತಿ, ನಮ್ಮ ವೈನಿ. ಕಂಪ್ಯೂಟರ್ ಆರಿದ ಗಳಿಗೆಯಲ್ಲೇ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿದ್ದು ತನಿಖೆಯಲ್ಲಿ ಹೊರಬಿತ್ತು. ಎರಡಕ್ಕೂ ಒಂದೇ ಲೈನಿನ ಕರೆಂಟು. ಎಡಿಟರ್ ತೆರೆದಿರುವಾಗ ಮಿಕ್ಸರ್ ಹಚ್ಚಕೂಡದು ಎಂದು ಮಾಸ್ತರು ತೀರ್ಪು ಕೊಟ್ಟರು. ಹಂಗಾರ ಚಟ್ನಿನೂ ಕಂಪ್ಯೂಟರ್‌ನಾಗ ಕಟ್ಟಿಕೊಂಡು ತಿನ್ರಿ ಎಂದು ವೈನಿ ಮೇಲ್ಮನವಿ ಹಾಕಿದರು.

ಕೊನೆಗೆ ಒಪ್ಪಂದವಾಯಿತು. ಮಿಕ್ಸರ್ ಹಚ್ಚುವ ಮೊದಲು ವೈನಿ ಒಳಗಿಂದ "ಉಳಿಸಿಕೊಳ್ರಿ" ಅಂತ ಕೂಗಬೇಕು, ಮಾಸ್ತರು ಸೇವ್ ಮಾಡಿ "ಹೂಂ" ಅನ್ನಬೇಕು, ಆಮೇಲೆ ಚಟ್ನಿ. ವೈನಿಗೆ ಅಧಿಕಾರದ ರುಚಿ ಹತ್ತಿತು. ರುಬ್ಬುವುದಿರಲಿ ಬಿಡಲಿ, ಮನಸ್ಸಿಗೆ ಬಂದಾಗೆಲ್ಲ ಕೂಗುವರು. ಮಾಸ್ತರು ಎದ್ದುಬಿದ್ದು ಗುಂಡಿ ಒತ್ತುವರು. ದುಬಾರಿ ಸಾಫ್ಟ್‌ವೇರುಗಳಲ್ಲಿ ತಾನಾಗಿಯೇ ಸೇವ್ ಆಗುವ ಏರ್ಪಾಟು ಇರುತ್ತದಂತೆ. ನಮ್ಮದರಲ್ಲಿ ಅದು ಅಡುಗೆಮನೆಯಲ್ಲಿತ್ತು.

ಸಾಹುಕಾರ್ರ ರಾಶಿ

ಬ್ಯಾಡಗಿಯಲ್ಲಿ ನಮಗೊಬ್ಬ ಮೆಣಸಿನಕಾಯಿ ಸಾಹುಕಾರ್ರು ಗೆಳೆಯರು. ಮಾಸ್ತರಿಗೆ ಕಂಪ್ಯೂಟರ್ ಕೊಡಿಸಿದ್ದೇ ಅವರು. ಬದಲಿಗೆ ಅವರು ಕೇಳಿದ್ದು ಒಂದೇ: ಸ್ಟೇಷನ್ನಿನ ಹಿಂದೆ ನನ್ನ ಅಂಗಡಿ ಕಾಣಬೇಕು, ಅಂಗಡಿ ಮುಂದೆ ಮೆಣಸಿನಕಾಯಿ ಚೀಲ ಕಾಣಬೇಕು, ಪಕ್ಕದ ಅಂಗಡಿಯವನಿಗಿಂತ ಹೆಚ್ಚು ಕಾಣಬೇಕು.

ಮಾಸ್ತರು ಊಟಕ್ಕೆ ಹೋದಾಗ ಸಾಹುಕಾರ್ರು ತಾವೇ ಕೂತು ಒಂದೊಂದೇ ಚೀಲ ಇಡತೊಡಗಿದರು. ಪಕ್ಕದವನ ಕಡೆ ಒಮ್ಮೆ ನೋಡುವರು, ಇನ್ನೊಂದು ಇಡುವರು. ಎಡಿಟರ್ ಮೊದಲು ನಿಧಾನವಾಯಿತು, ಆಮೇಲೆ ತೇಕಿತು, ಆಮೇಲೆ ಸತ್ತಿತು. ತೆರೆದಾಗಲೆಲ್ಲ ಬ್ಯಾಡಗಿಗೆ ಬಂದೊಡನೆ ಸಾಯುತ್ತಿತ್ತು.

ಸಾಹುಕಾರ್ರು ತಗ್ಗಿದ ದನಿಯಲ್ಲಿ ಕೇಳಿದರು: "ಪಕ್ಕದ ಅಂಗಡಿಯಾಂವ ಇಲ್ಲಿಗೆ ಬಂದಿದ್ನೇನು?"

ನಾನು ಸುಮ್ಮನಿರಬಹುದಿತ್ತು. ಮೊನ್ನೆ ಈ ಓಣಿಯಲ್ಲಿ ಓಡಾಡಿದ ಹಾಗಿತ್ತು ಅಂದೆ. ಅಂದದ್ದಕ್ಕೆ ಸಾಹುಕಾರ್ರು ಕಂಪ್ಯೂಟರಿಗೆ ನಿಂಬೆಹಣ್ಣು ಕಟ್ಟಿಸಿದರು. ಅದು ಫ್ಯಾನಿಗೆ ಅಡ್ಡ ಬಂದು ಯಂತ್ರ ಮತ್ತಷ್ಟು ಕಾಯಿತು.

ಆಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದೆ. ಎಡಿಟರ್ ಭೂಮಿಯನ್ನು ಚೌಕ ಚೌಕವಾಗಿ ಹರಿದು ಇಟ್ಟಿರುತ್ತದೆ, ಒಂದು ಚೌಕದಲ್ಲಿ ಹೊರಲಾರದಷ್ಟು ಸಾಮಾನು ಇಟ್ಟರೆ ಕುಸಿಯುತ್ತದೆ. ಚೀಲ ಎಲ್ಲ ತೆಗೆದು, ರಾಶಿಯ ಆಕಾರದ ಒಂದೇ ಒಂದು ಗುಡ್ಡೆ ಇಟ್ಟು, ಅದರ ಮೈಗೆ ಕೆಂಪು ಮೆಣಸಿನಕಾಯಿಯ ಫೋಟೋ ಅಂಟಿಸೋಣ. ಕಣ್ಣಿಗೆ ಬೆಟ್ಟ, ಕಂಪ್ಯೂಟರಿಗೆ ಹಗುರ.

"ಒಳಗ?"

"ಒಳಗ ಟೊಳ್ಳು ಇರ್ತೈತ್ರಿ."

ಸಾಹುಕಾರ್ರು ಪರದೆ ನೋಡಿದರು. ಅವರ ಮುಖದಲ್ಲಿ ವ್ಯಾಪಾರದ ಮಾನ ಮರ್ಯಾದೆ ಎಲ್ಲ ಹಾದುಹೋಯಿತು. ಕೊನೆಗೆ ಹೇಳಿದರು: "ಟೊಳ್ಳು ರಾಶಿ ಪಕ್ಕದಾಂವನ ಅಂಗಡಿ ಮುಂದ ಇಡು. ಉಳಿದ ಜಾಗದಾಗ ನಂದು ಖರೇ ಚೀಲ ಎಷ್ಟು ಹಿಡಸ್ತಾವ ನೋಡು."

ಟೋಕನ್

ಮಾಸ್ತರು ಹಾವೇರಿಯಲ್ಲಿ, ನಾನು ರಾಣೇಬೆನ್ನೂರಿನಲ್ಲಿ, ಇಬ್ಬರೂ ಒಂದೇ ಹಳಿಯನ್ನು ಬೇರೆ ಬೇರೆ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದೆವು. ಒಂದು ದಿನ ನನ್ನ ಫೈಲನ್ನು ಅವರದರ ಮೇಲೆ ಹಾಕಿಬಿಟ್ಟೆ. ಅವರು ಕಟ್ಟಿದ್ದ ಹಾವೇರಿಯ ಗೇಟು, ಗೇಟಿನ ಮನೆ, ಮನೆ ಮುಂದಿನ ತುಳಸಿ ಕಟ್ಟೆ, ಎಲ್ಲ ಹೋಯಿತು. ಖರೇ ಹೇಳುತ್ತೇನೆ, ಈ ಸಲ ಬೇಕಂತ ಮಾಡಿದ್ದಲ್ಲ. ಅದಕ್ಕೇ ಯಾರೂ ನಂಬಲಿಲ್ಲ.

ಮರುದಿನ ಮಾಸ್ತರು ಒಂದು ಬೆತ್ತದ ಬಳೆ ತಂದರು. ಒಂಟಿ ಹಳಿಯ ಕಾಲದಲ್ಲಿ ಇಂಥ ಬಳೆಗೆ ಚರ್ಮದ ಚೀಲ ಕಟ್ಟಿ, ಅದರೊಳಗೆ ಟೋಕನ್ ಇಟ್ಟು ಡ್ರೈವರ್ ಕೈಗೆ ಕೊಡುತ್ತಿದ್ದರು. ಟೋಕನ್ ಕೈಯಲ್ಲಿದ್ದರೆ ಮಾತ್ರ ಗಾಡಿ ಮುಂದಿನ ಸ್ಟೇಷನ್ನಿಗೆ ಹೋಗಬಹುದು. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಟೋಕನ್, ಒಂದೇ ಗಾಡಿ. ಮಾಸ್ತರು ಚೀಲದಲ್ಲಿ ಟೋಕನ್ ಬದಲು ಪೆನ್‌ಡ್ರೈವ್ ಇಟ್ಟರು. ಹಳಿಯ ಫೈಲು ಇನ್ನು ಮೇಲೆ ಅದರಲ್ಲಿ ಮಾತ್ರ. ಬಳೆ ಯಾರ ಕೈಯಲ್ಲಿದೆಯೋ ಅವರೇ ತಿದ್ದತಕ್ಕದ್ದು.

ಅಲ್ಲಿಯವರೆಗೆ ಬಹಳ ಚಂದ. ಆದರೆ ಕಾಪಿಗಳನ್ನೆಲ್ಲ ಅಳಿಸು ಅಂದರು. ನಾನು ಹೌಹಾರಿದೆ. ಎಲ್ಲರೂ ಹೊಸ ಹೊಸ ಹೆಸರಿನಲ್ಲಿ ಕಾಪಿ ಇಡುತ್ತಾರೆ, ಒಂದು ಕಾಪಿ ಬೇರೆ ಮನೆಯಲ್ಲೇ ಇರಬೇಕು ಅನ್ನುತ್ತಾರೆ ಎಂದು ವಾದಿಸಿದೆ.

"ಒಂದು ಸೆಕ್ಷನ್ನಿಗೆ ಎರಡು ಟೋಕನ್ ಹೊರಗ ಬಂದ್ರ ಏನಾಗ್ತೈತಿ?"

"ಕಾಪಿ ಅಂದ್ರ ಟೋಕನ್ ಅಲ್ರಿ, ಮಾಸ್ತರ್ರ..."

"ಏನಾಗ್ತೈತಿ ಹೇಳು."

"ಗಾಡಿಗೆ ಗಾಡಿ ಡಿಕ್ಕಿ ಹೊಡಿತೈತ್ರಿ."

"ಆತಲ್ಲ."

ನನ್ನ ಮಾತಿನ ಮೇಲೆ ವಿಶ್ವಾಸ ಸಾಲದೆ ಸ್ಟುಡಿಯೋಗೇ ಬಂದು ತಪಾಸಣೆ ಮಾಡಿದರು. ಹಳಿಯ ಜೊತೆಗೆ ಯಾರದೋ ತೊಟ್ಟಿಲ ಕಾರ್ಯದ ಫೋಟೋಗಳನ್ನೂ ಅಳಿಸಿದರು. ಫೈಲಿನ ಹೆಸರಿನಲ್ಲಿ ಬ್ಯಾಡಗಿ ಅಂತ ಇತ್ತಂತೆ, ಅನುಮಾನ ಬಂತಂತೆ.

ಬಳೆಯನ್ನು ಕೊಟ್ಟು ತರುವುದಕ್ಕೂ ಪದ್ಧತಿ. ನಾನು ಪ್ಯಾಸೆಂಜರ್ ಗಾಡಿಯಲ್ಲಿ ಹಾವೇರಿಗೆ ಬಂದು, ಬಾಗಿಲಲ್ಲಿ ನಿಂತು, ಬಳೆಯನ್ನು ತೋಳಿಗೆ ಹಾಕಿ ಹೊರಗೆ ಚಾಚಬೇಕು. ಅವರು ಪ್ಲಾಟ್‌ಫಾರ್ಮಿನ ಮೇಲೆ ಓಡಿ ಬಂದು ಕಸಿದುಕೊಳ್ಳಬೇಕು. ಮೊದಲ ಸಲ ಕಸಿದಾಗ ನನ್ನ ಭುಜ ಉಳುಕಿತು. ಗಾಡಿ ಪೂರಾ ನಿಂತು, ಜನ ಇಳಿದು, ಚಹಾ ಮಾರುವವನು ಒಂದು ಸುತ್ತು ಹಾಕಿಯಾಗಿತ್ತು.

ಔಟರ್ ಸಿಗ್ನಲ್

ಕಾಕಾ ಬರುವ ದಿನ ಬಂತು. ನಾನೂ ಸಾಹುಕಾರ್ರೂ ಮಾಸ್ತರ ಮನೆಯಲ್ಲಿ ಸೇರಿದ್ದೆವು. ಕುಪ್ಪೇಲೂರಿನಿಂದ ಬಸ್ ಹತ್ತಿದ್ದಾರೆ ಎಂದು ಸುದ್ದಿ ಬಂದಿತ್ತು. ಮಾಸ್ತರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ರಾಣೇಬೆನ್ನೂರಿನ ತುದಿಗೆ ಕೊನೆಯದೊಂದು ಕಂಬ ನೆಟ್ಟರು, ಸೇವ್ ಒತ್ತಿದರು, ಒತ್ತಿದ ಕೈಯಲ್ಲೇ ಪೆನ್‌ಡ್ರೈವನ್ನು ಟೋಕನ್ ಕಸಿದ ಹಾಗೆ ಕಸಿದು ಕಿತ್ತರು. ಅದರ ದೀಪ ಇನ್ನೂ ಮಿಣುಕುತ್ತಿತ್ತು. ಮತ್ತೆ ಚುಚ್ಚಿದರೆ ಫೈಲು ಒಡೆದುಹೋಗಿತ್ತು. ಹಾವೇರಿ ಇಲ್ಲ, ಬ್ಯಾಡಗಿ ಇಲ್ಲ, ರಾಣೇಬೆನ್ನೂರು ಇಲ್ಲ.

ಮಾಸ್ತರು ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ನನ್ನ ಕಡೆ ತಿರುಗಿ, "ನಿನ್ನ ಹತ್ರ ಕಾಪಿ ಐತೇನಪಾ?" ಅಂದರು.

ಇದು ನನ್ನನ್ನು ಹಿಡಿಯಲು ಒಡ್ಡಿದ ಬಲೆ ಇರಬಹುದು ಅನಿಸಿತು. ಇಲ್ಲರಿ, ನೀವೇ ಅಳಿಸೀರಲ್ಲ ಅಂದೆ. ಸಾಹುಕಾರ್ರ ಕಡೆ ನೋಡಿದರು. ಅವರೂ ಕೈ ಆಡಿಸಿದರು. ಹೊರಗೆ ಕಾಕಾನ ಊರುಗೋಲಿನ ಸಪ್ಪಳ ಕೇಳಿತು.

ಆಗ ವೈನಿ ಅಡುಗೆಮನೆಯಿಂದ ಬಂದು, ಉಪ್ಪಿನಕಾಯಿ ವಾಸನೆಯ ಒಂದು ಪೆನ್‌ಡ್ರೈವನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆ ಬೆರಳು ಮಾಡಿದರು. "ಈ ಕಳ್ಳ ಎಂಟು ದಿನಕ್ಕೊಮ್ಮೆ ಬಂದು ಭರಣಿ ಹಿಂದ ಇಟ್ಟು ಹೋಗ್ತಾನ. ಏನು ಅಂತ ನಾನೂ ಕೇಳಿಲ್ಲ."

ಕಾಪಿ ಬೇರೆ ಮನೆಯಲ್ಲಿರಬೇಕಲ್ಲ. ಮಾಸ್ತರು ಎಂದೂ ಅನುಮಾನಿಸದ ಮನೆ ಹಾವೇರಿಯಲ್ಲಿ ಒಂದೇ ಇತ್ತು. ಅದು ಅವರದು.

ಮಾಸ್ತರು ಆಗ ನೋಡಿದ ನೋಟವನ್ನು ಬಿಡಿ. ಫೈಲು ತೆರೆಯಿತು. ಕಾಕಾ ಒಳಗೆ ಬಂದರು, ಯಾರಿಗೂ ನಮಸ್ಕಾರವಿಲ್ಲ, ಕುರ್ಚಿ ಎಳೆದು ಕೂತರು. ಬ್ರೇಕಿನ ಗುಂಡಿ ಯಾವುದು, ವೇಗದ ಗುಂಡಿ ಯಾವುದು ಎಂದು ನನ್ನನ್ನೇ ಕೇಳಿ ಗಾಡಿ ಬಿಟ್ಟರು. ಹಾವೇರಿ ದಾಟಿತು. ಕಂಬ ಎಣಿಸುವ ಕಣ್ಣಿನಿಂದ ಎರಡೂ ಕಡೆ ನೋಡುತ್ತಿದ್ದರು. ತಪ್ಪು ಸಿಗಲಿಲ್ಲ. ಮಾಸ್ತರು ಗೋಡೆಗೆ ಆತು ನಿಂತಿದ್ದರು.

ಆಗ ನನಗೆ ನೆನಪಾಯಿತು. ಆ ಕಾಪಿ ಇಡುವ ಮುನ್ನ, ಕೈ ಸುಮ್ಮನಿರದೆ, ಎಂದಾದರೂ ಮಾಸ್ತರು ಇದನ್ನು ತೆರೆದರೆ ಬೆಚ್ಚಲಿ ಎಂದು ಬ್ಯಾಡಗಿ ಸ್ಟೇಷನ್ನಿಗೆ ಮೊದಲು ಬರುವ ಔಟರ್ ಸಿಗ್ನಲ್ಲಿನ ಹತ್ತಿರ ಹಳಿಯ ನಡುವೆ ಒಂದು ಎಮ್ಮೆ ನಿಲ್ಲಿಸಿದ್ದೆ.

ತೆಗೆಯಲು ಹೊತ್ತಿಲ್ಲ. ತಿರುವು ಬಂತು, ಎಮ್ಮೆ ಕಂಡಿತು. ಕಾಕಾ ಬ್ರೇಕಿನ ಗುಂಡಿಯನ್ನು ಬೆರಳು ಬಿಳುಪಾಗುವಂತೆ ಒತ್ತಿದರು. ಗಾಡಿ ಎಮ್ಮೆಯ ಮೂತಿಗೆ ಬಂದು ನಿಂತಿತು. ಸಿಗ್ನಲ್ ಹಸಿರಿತ್ತು.

ಕಾಕಾ ಮೆಲ್ಲಗೆ ತಿರುಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ಮಾಸ್ತರ ಜೊತೆ ಮಾತಾಡಿದರು. ದನಿಯಲ್ಲಿ ಬರೀ ಸಂಶಯ.

"ಎಮ್ಮಿ ಸುದ್ದಿ ನಿನಗ ಯಾರು ಹೇಳಿದ್ರು?"

ಮಾಸ್ತರು ಕನ್ನಡಕ ಒರೆಸಿಕೊಂಡು ಪರದೆಗೆ ಬಗ್ಗಿದರು. ಕಾಕಾ ಬಿಡಲಿಲ್ಲ.

"ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದಿ? ನಮ್ಮ ಮಾವನ ಎಮ್ಮಿ ಅಂತನೂ ಗೊತ್ತಿತ್ತೇನು? ಅವತ್ತು ಹಿಂಗ ಹಳಿ ಮ್ಯಾಲೆ ನಿಂತಿತ್ತು, ಗಬ್ಬದ ಎಮ್ಮಿ. ಹಾರ್ನ್ ಹೊಡದ್ರ ಬೆದರತೈತಿ ಅಂತ ಇಳದು ಮೈ ಸವರಿ ಆಚೆ ಹೊಡದು ಬಂದೆ. ಮಾವನ ಎಮ್ಮಿ ಸಲುವಾಗಿ ಗಾಡಿ ನಿಲ್ಲಿಸಿದೆ ಅಂತ ಬರಕೊಟ್ರ ನೌಕರಿ ಉಳಿತಿತ್ತೇನು? ಅದಕ್ಕ ನಿನ್ನ ಹೆಸರು ಬರದೆ."

ನಾನು ನೆಲ ನೋಡಿದೆ. ಮಾಸ್ತರು ಒಮ್ಮೆ ನನ್ನನ್ನು, ಒಮ್ಮೆ ಎಮ್ಮೆಯನ್ನು ನೋಡಿದರು. ಏನೇನೂ ಗೊತ್ತಿಲ್ಲದ ಆ ಮನುಷ್ಯ ಅಂಗಿ ಎಳೆದು ನೆಟ್ಟಗೆ ನಿಂತು, "ಎಲ್ಲಾ ಗೊತ್ತಿತ್ತು," ಅಂದರು. "ಗೆಳೆಯನ ಮಾವನ ಎಮ್ಮಿ ಅಂತ ನಾನೂ ಮ್ಯಾಲೆ ಬರೀಲಿಲ್ಲ. ನಿದ್ದಿ ಹೊಡದ ಅಂತ ಬರದು ಮುಚ್ಚಿಹಾಕಿದೆ."

ಕಾಕಾನ ಕಣ್ಣು ತುಂಬಿದವು. ಪಕ್ಕದ ಕುರ್ಚಿಯನ್ನು ಊರುಗೋಲಿನಿಂದ ಎಳೆದು ಮಾಸ್ತರಿಗೆ ಸರಿಸಿದರು. ಮತ್ತೆ ಪರದೆಗೆ ಮುಖ ಹತ್ತಿರ ಮಾಡಿ ಬಹಳ ಹೊತ್ತು ಎಮ್ಮೆಯನ್ನು ದಿಟ್ಟಿಸಿ ಹೇಳಿದರು: "ಕುಂದ್ರು. ಒಂದು ತಪ್ಪೈತಿ. ಇದರ ಎಡಗೋಡು ಮುರದಿತ್ತು. ತಿದ್ದು, ತಿದ್ದಿ ಉಳಿಸಿಕೋ."

ಈಗ ನೀವೂ ನನ್ನನ್ನು ಮಾಸ್ತರ ಹಾಗೇ ಓರೆಗಣ್ಣಲ್ಲಿ ನೋಡುತ್ತಿದ್ದೀರಿ, ಇದರಲ್ಲಿ ಎಷ್ಟು ಖರೇ ಎಂದು. ಬ್ಯಾಡಗಿಗೆ ಹೋಗಿ ಬೇಕಾದರೆ ಎಮ್ಮೆಯನ್ನೇ ವಿಚಾರಿಸಿಕೊಳ್ಳಿ. ನನಗೆ ರಾಣೇಬೆನ್ನೂರಿನ ಗಾಡಿಗೆ ಹೊತ್ತಾಯಿತು. ಏಳುವಾಗ ನನ್ನ ಚಹಾದ ರೊಕ್ಕಾನೂ ನೀವೇ ಕೊಟ್ಟುಬಿಡ್ರಿ.